ಮೂತ್ರದ ಕಲ್ಚರ್‌ನಲ್ಲಿ ವ್ಯಾಂಕೊಮೈಸಿನ್‌ಗೆ ಬಗ್ಗದ ಎಂಟರೊಕಾಕಸ್: ಔಷಧಿ ಶುರು ಮಾಡಬೇಕಾ?

ವಾರ್ಡ್_ಡ್ಯೂಟಿ
ಮೂರು ವಾರದಿಂದ ಕ್ಯಾಥಿಟರ್ ಇರುವ ರೋಗಿ. ಜ್ವರ ಇಲ್ಲ, ಹೊಟ್ಟೆನೋವಿಲ್ಲ, ಬಿ.ಪಿ. ಸರಿಯಾಗಿದೆ. ಮೂತ್ರ ಕದಡಿದೆ ಅಂತ ಕಲ್ಚರ್‌ಗೆ ಹೋಗಿತ್ತು. ರಿಪೋರ್ಟ್: ಎಂಟರೊಕಾಕಸ್ ಫೀಸಿಯಂ, 1 ಲಕ್ಷ ಸಿಎಫ್‌ಯು (ಒಂದು ಮಿ.ಲೀ. ಮೂತ್ರದಲ್ಲಿ ಬೆಳೆಯಬಲ್ಲ ಬ್ಯಾಕ್ಟೀರಿಯಾಗಳ ಎಣಿಕೆ). ಆ್ಯಂಪಿಸಿಲಿನ್ ಆರ್ (ಬಗ್ಗದು), ವ್ಯಾಂಕೊಮೈಸಿನ್ ಆರ್ (ಎಂಐಸಿ, ಅಂದರೆ ಬೆಳವಣಿಗೆ ತಡೆಯಲು ಬೇಕಾದ ಕನಿಷ್ಠ ಪ್ರಮಾಣ, 256), ಟೈಕೊಪ್ಲಾನಿನ್ ಆರ್, ಲಿನೆಝೋಲಿಡ್ ಎಸ್ (ಬಗ್ಗುತ್ತದೆ), ನೈಟ್ರೊಫ್ಯುರಂಟಾಯಿನ್ ಎಸ್. ಸೆಫ್ಟ್ರಿಯಾಕ್ಸೋನ್ ಹೆಸರೇ ಇಲ್ಲ, ಲ್ಯಾಬ್‌ನವರು ಬಿಟ್ಟುಬಿಟ್ಟರಾ? ಲಿನೆಝೋಲಿಡ್ ಹಾಕಬೇಕಾ? ಪಕ್ಕದ ಹಾಸಿಗೆಗೆ ಹರಡದಂತೆ ಏನು ಮಾಡಬೇಕು?

ಲ್ಯಾಬ್_ಬೆಂಚ್
ಬಿಟ್ಟಿಲ್ಲ, ಬರೆಯುವ ಹಾಗೇ ಇಲ್ಲ. ಎಂಟರೊಕಾಕಸ್‌ಗೆ ಸೆಫಲೋಸ್ಪೊರಿನ್‌ಗಳು ಹುಟ್ಟಾ ನಾಟುವುದಿಲ್ಲ. ಕೋಶಭಿತ್ತಿ ಕಟ್ಟುವ ಅದರ ಪಿಬಿಪಿ5 ಪ್ರೋಟೀನಿಗೆ ಅವು ಸರಿಯಾಗಿ ಅಂಟಿಕೊಳ್ಳುವುದಿಲ್ಲ. ಸೆಫ್ಟ್ರಿಯಾಕ್ಸೋನ್ ದಿನಗಟ್ಟಲೆ ಕೊಟ್ಟಷ್ಟೂ ಕರುಳಿನ ಬೇರೆ ಬ್ಯಾಕ್ಟೀರಿಯಾಗಳು ಸತ್ತು ಇದಕ್ಕೆ ಜಾಗ ಸಲೀಸಾಗುತ್ತದೆ. ಕೋಟ್ರೈಮಾಕ್ಸಜೋಲ್ ಇನ್ನೂ ಮೋಸದ್ದು: ಪ್ಲೇಟಿನಲ್ಲಿ ಚೆನ್ನಾಗಿ ಝೋನ್ (ಬೆಳವಣಿಗೆ ಇಲ್ಲದ ವೃತ್ತ) ತೋರಿಸಿ ದೇಹದಲ್ಲಿ ಕೈಕೊಡುತ್ತದೆ, ಏಕೆಂದರೆ ಅದು ತಡೆಯುವುದು ಫೋಲೇಟ್ ತಯಾರಿಯನ್ನು, ಎಂಟರೊಕಾಕಸ್ ಸುತ್ತಲಿನ ಫೋಲೇಟನ್ನೇ ಎತ್ತಿಕೊಂಡು ಬದುಕಬಲ್ಲದು.

ವ್ಯಾಂಕೊಮೈಸಿನ್ ಕೆಲಸ ಮಾಡುವುದು ಕೋಶಭಿತ್ತಿಯ ತುಣುಕಿನ ತುದಿಯಲ್ಲಿರುವ ಎರಡು ಡಿ-ಅಲನಿನ್‌ಗಳನ್ನು ಹಿಡಿದುಕೊಂಡು. ವ್ಯಾನ್-ಎ ಜೀನ್‌ಗಳಿದ್ದರೆ ಕೊನೆಯ ಅಲನಿನ್ ಜಾಗಕ್ಕೆ ಲ್ಯಾಕ್ಟೇಟ್ ಬಂದು ಕೂರುತ್ತದೆ, ಹಿಡಿತ ಸುಮಾರು 1000 ಪಟ್ಟು ಸಡಿಲವಾಗುತ್ತದೆ. ವ್ಯಾಂಕೊ, ಟೈಕೊ ಎರಡೂ ಆರ್ ಇರುವುದು ವ್ಯಾನ್-ಎ ಲಕ್ಷಣ. ಟೈಕೊ ಎಸ್ ಇದ್ದಿದ್ದರೆ ವ್ಯಾನ್-ಬಿ (ಇಂಥದ್ದೇ ಇನ್ನೊಂದು ಜೀನ್ ಗುಂಪು) ಅನ್ನಬಹುದಿತ್ತು.

ಡಿಸ್ಕ್ (ಔಷಧಿ ಹೀರಿಸಿದ ಕಾಗದದ ಬಿಲ್ಲೆ) ಇಡುವವರಿಗೆ ಒಂದು ಮಾತು: ವ್ಯಾಂಕೊ ಪ್ಲೇಟನ್ನು ಪೂರ್ತಿ 24 ಗಂಟೆ ಬಿಟ್ಟು, ಬೆಳಕಿಗೆ ಎದುರಾಗಿ ಹಿಡಿದು ನೋಡಿ. ಝೋನಿನೊಳಗೆ ತೆಳ್ಳಗೆ ಮಂಜು ಕವಿದಂತೆ ಬೆಳವಣಿಗೆ ಕಂಡರೆ, ಅಳತೆ ಎಷ್ಟೇ ಬರಲಿ, ಎಸ್ ಅಂತ ಬರೆಯಬೇಡಿ, ಎಂಐಸಿ ಹಾಕಿ. ಎಂಐಸಿ 8–16ರ ಆಸುಪಾಸು ಬಂದರೆ ಮೋಟಿಲಿಟಿ ನೋಡಿ. ಚಲಿಸುತ್ತಿದ್ದರೆ ಅದು ಬಹುಶಃ ಎಂಟರೊಕಾಕಸ್ ಗ್ಯಾಲಿನಾರಮ್ ಎಂಬ ಬೇರೆ ಜಾತಿ. ಅದರ ವ್ಯಾನ್-ಸಿ ಜೀನ್ ಹುಟ್ಟುಗುಣ, ಅಷ್ಟಾಗಿ ಹರಡುವಂಥದ್ದಲ್ಲ.

ಡೋಸ್_ಲೆಕ್ಕ
ಲಿನೆಝೋಲಿಡ್ ಈಗ ಬೇಡ. ರಿಪೋರ್ಟಿಗೆ ಚಿಕಿತ್ಸೆ ಕೊಡುವುದಲ್ಲ, ರೋಗಿಗೆ ಕೊಡುವುದು. ಇಷ್ಟು ದಿನ ಕ್ಯಾಥಿಟರ್ ಇದ್ದರೆ ಮೂತ್ರದಲ್ಲಿ ಬ್ಯಾಕ್ಟೀರಿಯಾ ಇದ್ದೇ ಇರುತ್ತದೆ; ಕದಡಿದ ಮೂತ್ರ, ವಾಸನೆ, ಪಸ್ ಸೆಲ್ ಇವು ಸೋಂಕಿಗೆ ಸಾಕ್ಷಿಯಲ್ಲ. ಲಕ್ಷಣವಿಲ್ಲದೆಯೂ ಔಷಧಿ ಕೊಡುವುದು ಮುಖ್ಯವಾಗಿ ಗರ್ಭಿಣಿಯರಿಗೆ ಮತ್ತು ಮೂತ್ರನಾಳದ ಒಳಪದರಕ್ಕೆ ಗಾಯವಾಗುವಂಥ ಶಸ್ತ್ರಕ್ರಿಯೆಗೆ ಮುಂಚೆ.

ಮೊದಲು ಕೇಳಬೇಕಾದ್ದು: ಕ್ಯಾಥಿಟರ್ ಇನ್ನೂ ಬೇಕಾ? ಬೇಡವಾದರೆ ತೆಗೆಸಿ. ಮುಂದೆ ಜ್ವರವೋ ಚಳಿಯೋ ಬಂದರೆ, ಎರಡು ವಾರ ದಾಟಿದ ಕ್ಯಾಥಿಟರ್ ಬದಲಿಸಿ ಹೊಸದರ ಸ್ಯಾಂಪಲ್ ಪೋರ್ಟ್‌ನಿಂದ ಮೂತ್ರ ತೆಗೆಯಿರಿ, ಬ್ಯಾಗಿನಿಂದ ಬೇಡ. ಹಳೆಯ ಕ್ಯಾಥಿಟರ್‌ನ ಒಳಗೋಡೆಗೆ ಕಟ್ಟಿದ ಪೊರೆಯ ಬ್ಯಾಕ್ಟೀರಿಯಾವೇ ಕಲ್ಚರ್‌ನಲ್ಲಿ ಬೆಳೆಯುತ್ತದೆ. ಎರಡು ಗಂಟೆಯೊಳಗೆ ಲ್ಯಾಬ್ ತಲುಪಿಸಲಾಗದಿದ್ದರೆ ಫ್ರಿಜ್‌ನಲ್ಲಿಡಿ.

ಆಗ ವೈದ್ಯರು ಯೋಚಿಸುವುದು ಹೀಗೆ. ಸೋಂಕು ಮೂತ್ರಕೋಶದಲ್ಲಷ್ಟೇ ಇದ್ದರೆ ನೈಟ್ರೊಫ್ಯುರಂಟಾಯಿನ್ ಸಾಕು, ಆದರೆ ಕ್ರಿಯಾಟಿನಿನ್ ಕ್ಲಿಯರೆನ್ಸ್ (ಕಿಡ್ನಿ ಸೋಸುವ ವೇಗ) ನಿಮಿಷಕ್ಕೆ 30 ಮಿ.ಲೀ.ಗಿಂತ ಕಡಿಮೆ ಇದ್ದರೆ ಅದು ಆಗದು. ರಕ್ತಕ್ಕೂ ಕಿಡ್ನಿಗೂ ಅದು ಸಾಕಷ್ಟು ತಲುಪುವುದಿಲ್ಲ, ಅಲ್ಲಿ ಲಿನೆಝೋಲಿಡ್ 600 ಮಿ.ಗ್ರಾಂ 12 ಗಂಟೆಗೊಮ್ಮೆ. ವಾರಕ್ಕೊಮ್ಮೆ ಸಿಬಿಸಿ (ರಕ್ತಕಣಗಳ ಎಣಿಕೆ) ಮಾಡಿಸಿ; ಎರಡು ವಾರ ದಾಟಿದರೆ ಪ್ಲೇಟ್‌ಲೆಟ್ ಇಳಿಯುವ ಸಂಭವ ಹೆಚ್ಚು. ಖಿನ್ನತೆಗೆ ಕೊಡುವ ಎಸ್‌ಎಸ್‌ಆರ್‌ಐ ಮಾತ್ರೆಯೋ ನೋವಿನ ಟ್ರಾಮಡಾಲೋ ನಡೆಯುತ್ತಿದೆಯಾ ಅಂತ ಚೀಟಿ ನೋಡಿ, ಸೆರೊಟೋನಿನ್ ಏರುವ ಅಪಾಯವಿದೆ. ರಕ್ತದ ಕಲ್ಚರ್‌ನಲ್ಲೂ ಬಂದರೆ ಇನ್ನೊಂದು ದಾರಿ ಡ್ಯಾಪ್ಟೊಮೈಸಿನ್, ಕೆ.ಜಿ.ಗೆ 8–12 ಮಿ.ಗ್ರಾಂ, ವಾರಕ್ಕೊಮ್ಮೆ ಸಿಪಿಕೆ (ಸ್ನಾಯುಗಳಿಗೆ ಹಾನಿಯಾಗಿದೆಯಾ ಅಂತ ನೋಡುವ ರಕ್ತಪರೀಕ್ಷೆ).

ಹೊಸ_ಓದುಗ
ಫಾಸ್ಫೊಮೈಸಿನ್ 3 ಗ್ರಾಂ ಒಂದೇ ಡೋಸ್ ಆಗಲ್ವಾ?

ಲ್ಯಾಬ್_ಬೆಂಚ್
ಅದಕ್ಕೆ ಸಿಎಲ್‌ಎಸ್‌ಐ (ಲ್ಯಾಬ್ ಮಾನದಂಡ ಸಂಸ್ಥೆ) ಕಟ್‌ಆಫ್ ಇರುವುದು ಎಂಟರೊಕಾಕಸ್ ಫೀಕ್ಯಾಲಿಸ್ ಎಂಬ ಇನ್ನೊಂದು ಜಾತಿಗೆ, ಅದೂ ಮೂತ್ರಕ್ಕೆ ಮಾತ್ರ. ಫೀಸಿಯಂಗೆ ಅದೇ ಅಳತೆ ಹಾಕಿ ಎಸ್ ಬರೆದುಕೊಡಿ ಅಂತ ಲ್ಯಾಬನ್ನು ಒತ್ತಾಯಿಸಬೇಡಿ.

ಐಪಿಸಿ_ರೌಂಡ್ಸ್
ಹರಡುವುದರ ಬಗ್ಗೆ. ಇದು ಸ್ಪೋರ್ (ಗಟ್ಟಿ ಕವಚದ ಬೀಜಕ) ಕಟ್ಟುವುದಿಲ್ಲ, ಆದ್ದರಿಂದ ಆಲ್ಕೊಹಾಲ್ ಹ್ಯಾಂಡ್‌ರಬ್ ಸಾಕಾಗುತ್ತದೆ: 20–30 ಸೆಕೆಂಡ್, ಹೆಬ್ಬೆರಳೂ ಬೆರಳ ತುದಿಯೂ ಬಿಡದಂತೆ. ಆದರೆ ಒಣ ಮೇಲ್ಮೈ ಮೇಲೆ ವಾರಗಟ್ಟಲೆ ಬದುಕುತ್ತದೆ. ಗ್ಲೌಸ್, ಗೌನ್ ಹಾಕಿ, ಬಿ.ಪಿ. ಕಫ್, ಥರ್ಮಾಮೀಟರ್ ಆ ರೋಗಿಗೇ ಮೀಸಲಿಡಿ. ಎಲ್ಲರೂ ಮರೆಯುವ ವಸ್ತು ಮೂತ್ರ ಅಳೆಯುವ ಜಗ್. ಒಂದೇ ಜಗ್ ಹಿಡಿದು ಇಡೀ ವಾರ್ಡ್ ಸುತ್ತಿದರೆ ಉಳಿದದ್ದೆಲ್ಲ ವ್ಯರ್ಥ.

ಮಂಚದ ಕಂಬಿ, ಕಾಲ್‌ಬೆಲ್, ಕಮೋಡ್ ಹಿಡಿಗಳಿಗೆ 1000 ಪಿಪಿಎಂ ಹೈಪೊಕ್ಲೋರೈಟ್: 5% ದ್ರಾವಣ 20 ಮಿ.ಲೀ., ನೀರು 980 ಮಿ.ಲೀ. ಮೊದಲು ಸೋಪಿನಿಂದ ಕೊಳೆ ತೆಗೆಯಿರಿ, ಕೊಳೆಯ ಮೇಲೆ ಕ್ಲೋರಿನ್ ಸತ್ವ ಕಳೆದುಕೊಳ್ಳುತ್ತದೆ. 10 ನಿಮಿಷ ಒದ್ದೆಯಾಗೇ ಇರಲಿ. ದಿನಾ ಹೊಸದಾಗಿ ಕಲಸಿ. ಚೆಲ್ಲಿದ ಮೂತ್ರದ ಮೇಲೆ ನೇರವಾಗಿ ಸುರಿಯಬೇಡಿ, ಘಾಟು ಅನಿಲ ಏಳುತ್ತದೆ. ಮೊದಲು ಹೀರಿಸಿ ತೆಗೆಯಿರಿ.

ಕರುಳಿನಿಂದ ಇದನ್ನು ಓಡಿಸಲು ಆ್ಯಂಟಿಬಯೋಟಿಕ್ ಕೊಡುವ ಪ್ರಯತ್ನ ಬೇಡ. ಅದು ತಿಂಗಳುಗಟ್ಟಲೆ ಅಲ್ಲೇ ಇರಬಹುದು. ರೋಗಿಯನ್ನು ಬೇರೆಡೆಗೆ ಕಳಿಸುವಾಗ ಡಿಸ್ಚಾರ್ಜ್ ಚೀಟಿಯಲ್ಲಿ ವಿಆರ್‌ಇ (ವ್ಯಾಂಕೊಮೈಸಿನ್‌ಗೆ ಬಗ್ಗದ ಎಂಟರೊಕಾಕಸ್) ಅಂತ ಬರೆದು ಕಳಿಸಿ.