ಅದೇ ಹುಡುಕು ಸಾಲು: ಒಂದು ಕಡೆ ಹಿಡಿಯಷ್ಟು, ಇನ್ನೊಂದು ಕಡೆ ಪ್ರವಾಹ

ದಣಿದ_ಓದುಗ: ತಲೆ ಕೆಟ್ಟುಹೋಗಿದೆ. ವೈದ್ಯಕೀಯ ಲೇಖನಗಳ ದತ್ತಸಂಚಯವಾದ ಪಬ್‌ಮೆಡ್‌ನಲ್ಲಿ ಸರಿಯಾಗಿ ಬರುವ ಹುಡುಕು ಸಾಲನ್ನೇ ಇನ್ನೊಂದು ದತ್ತಸಂಚಯದಲ್ಲಿ ಅಂಟಿಸಿದರೆ ಸಂಬಂಧವೇ ಇಲ್ಲದ ಲೇಖನಗಳು ರಾಶಿರಾಶಿ ಬೀಳುತ್ತವೆ. ಏನು ಮಾಡಲಿ?

ಸೂಚಿಪ್ರಿಯ: ಉದ್ಧರಣ ಚಿಹ್ನೆ ಹಾಕಿ. ನೂರಕ್ಕೆ ತೊಂಬತ್ತು ಸಲ ಅದೇ ಕಾರಣ.

ಕಡತಗಾರ: ಯಾವ ದತ್ತಸಂಚಯ? ಯಾವ ಸಾಲು? ಅದನ್ನು ಹೇಳದೆ ಕಣಿ ಕೇಳಿದರೆ ಹೇಗೆ?

ದಣಿದ_ಓದುಗ: ವೆಬ್ ಆಫ್ ಸೈನ್ಸ್, ಹಲವು ವಿಷಯಗಳ ಲೇಖನಗಳಿರುವುದು. ಸಾಲು ಮಾಮೂಲಿನದೇ: ಹಾರ್ಟ್ ಅಟ್ಯಾಕ್ ಆರ್ ಸ್ಟ್ರೋಕ್ ಆಂಡ್ ಯೋಗ. ಚಿಹ್ನೆ ಹಾಕಿಯೂ ನೋಡಿದೆ. ಅಲ್ಲಿ ರಾಶಿ ಸ್ವಲ್ಪ ಕರಗಿತು, ಆದರೆ ಪಬ್‌ಮೆಡ್‌ನಲ್ಲಿದ್ದ ಒಳ್ಳೆಯ ಲೇಖನಗಳೂ ಮಾಯವಾದವು.

ಸೂಚಿಪ್ರಿಯ: ಹಾಗಾದರೆ ತಪ್ಪು ಜಾಗದಲ್ಲಿ ಹಾಕಿದ್ದೀರಿ. ಇಡೀ ಸಾಲಿಗಲ್ಲ, ‘ಹಾರ್ಟ್ ಅಟ್ಯಾಕ್’ಗೆ ಮಾತ್ರ ಹಾಕಿ.

ಕಡತಗಾರ: ಚಿಹ್ನೆಯ ಜಪ ಬಿಡಿ ಸ್ವಾಮಿ. ಪಬ್‌ಮೆಡ್ ನಮ್ಮ ಪದವನ್ನು ತಾನಾಗಿಯೇ ‘ಮೆಶ್’ ವಿಷಯಸೂಚಿಗೆ ಜೋಡಿಸುತ್ತದೆ. ಹಾರ್ಟ್ ಅಟ್ಯಾಕ್ ಎಂದರೆ ಅದರ ವೈದ್ಯಕೀಯ ಹೆಸರಾದ ಮಯೋಕಾರ್ಡಿಯಲ್ ಇನ್‌ಫಾರ್ಕ್ಷನ್ ಕೂಡ ಸೇರಿಬರುತ್ತದೆ. ಚಿಹ್ನೆ ಹಾಕಿದರೆ ಆ ಜೋಡಣೆ ನಿಂತುಹೋಗುತ್ತದೆ. ಲೇಖನಗಳು ಮಾಯವಾದದ್ದು ಅದಕ್ಕೇ.
ಪ್ರವಾಹದ ಕಾರಣ ಬೇರೆ. ಪಬ್‌ಮೆಡ್ ಎಡದಿಂದ ಬಲಕ್ಕೆ ಓದುತ್ತದೆ. ವೆಬ್ ಆಫ್ ಸೈನ್ಸ್ ಮೊದಲು ‘ಆಂಡ್’ ಬಿಡಿಸಿ, ಆಮೇಲೆ ‘ಆರ್’ಗೆ ಬರುತ್ತದೆ. ಅಂದರೆ ಅಲ್ಲಿ ನೀವು ಕೇಳಿದ್ದು ಹೃದಯಾಘಾತದ ಸಮಸ್ತ ಲೇಖನಗಳು, ಜೊತೆಗೆ ಸ್ಟ್ರೋಕ್ ಮತ್ತು ಯೋಗ ಎರಡೂ ಇರುವವು. ‘ಆರ್’ನ ಎರಡೂ ಬದಿಯನ್ನು ಸೇರಿಸಿ ಆವರಣದಲ್ಲಿಡಿ.

ಸೂಚಿಪ್ರಿಯ: ಚಿಹ್ನೆ ಇಲ್ಲದಿದ್ದರೆ ‘ಹಾರ್ಟ್’ ಒಂದು ಕಡೆ, ‘ಅಟ್ಯಾಕ್’ ಇನ್ನೊಂದು ಕಡೆ ಇದ್ದರೂ ಅಲ್ಲಿ ಸಿಗುತ್ತದೆ. ನನ್ನ ಮಾತಿನಲ್ಲಿ ಹುರುಳಿಲ್ಲವೇ?

ಪುಟತಿರುವ: ಇಷ್ಟೆಲ್ಲ ಏಕೆ? ಗೂಗಲ್ ಸ್ಕಾಲರ್‌ನಲ್ಲಿ ಹಾಕಿದರೆ ಎಲ್ಲವೂ ಸಿಗುತ್ತದೆ.

ಕಡತಗಾರ: ಸಿಗುತ್ತದೆ. ಆದರೆ ಎಷ್ಟೇ ಇದ್ದರೂ ನೋಡಲು ಕೊಡುವುದು ಮೊದಲ 1000 ಮಾತ್ರ.

ಪುಟತಿರುವ: ಸಾವಿರದಾಚೆ ಓದಿದವರು ಯಾರಿದ್ದಾರೆ, ತೋರಿಸಿ.

ದಣಿದ_ಓದುಗ: ಆವರಣ ಹಾಕಿದೆ, ಪ್ರವಾಹ ಇಳಿಯಿತು! ಆದರೂ ಎರಡು ಕಡೆಯ ಲೆಕ್ಕ ಹೊಂದುತ್ತಿಲ್ಲ.

ಕಡತಗಾರ: ಹೊಂದಬೇಕಾಗಿಯೂ ಇಲ್ಲ, ಎರಡರ ಸಂಗ್ರಹವೇ ಬೇರೆ. ಪಬ್‌ಮೆಡ್‌ನ ‘ಅಡ್ವಾನ್ಸ್ಡ್’ ಪುಟದಲ್ಲಿ ಇತಿಹಾಸದ ಪಕ್ಕದ ‘ಡೀಟೇಲ್ಸ್’ ಬಿಚ್ಚಿ ನೋಡಿ, ನಿಮ್ಮ ಸಾಲು ಏನಾಗಿ ಬದಲಾಗಿದೆ ಎಂದು ಕಾಣುತ್ತದೆ. ಅಲ್ಲಿ ಸೇರಿಕೊಂಡ ಸಮಾನಾರ್ಥಕಗಳನ್ನು ಇನ್ನೊಂದು ಕಡೆ ಕೈಯಾರೆ ಬರೆಯಬೇಕು. ವೆಬ್ ಆಫ್ ಸೈನ್ಸ್‌ನಲ್ಲಿ ‘ಆಲ್ ಫೀಲ್ಡ್ಸ್’ ಬಿಟ್ಟು ‘ಟಾಪಿಕ್’ (ಶೀರ್ಷಿಕೆ, ಸಾರಾಂಶ, ಕೀಲಿಪದಗಳಲ್ಲಿ ಹುಡುಕುವುದು) ಆರಿಸಿದ್ದೀರಾ?

ಪುಟತಿರುವ: ನಾನು ಎಲ್ಲವನ್ನೂ ಝೊಟೆರೊ ಎಂಬ ಉಲ್ಲೇಖ ಜೋಡಿಸಿಡುವ ತಂತ್ರಾಂಶಕ್ಕೆ ತುಂಬಿಸಿ, ನಕಲುಗಳನ್ನು ಒಂದಾಗಿಸಿ, ಬಣ್ಣಬಣ್ಣದ ಟ್ಯಾಗ್ ಹಚ್ಚಿಟ್ಟಿದ್ದೇನೆ. ಚಿತ್ರ ಹಾಕಲೇ?

ಸೂಚಿಪ್ರಿಯ: ಹಾಕಿ. ಟ್ಯಾಗ್‌ಗಳಿಗೆ ಬಣ್ಣ ಕೊಡುವುದು ಹೇಗೆ?