ಹಕ್ಕಿಯ ಅಡ್ರಿನಲ್‌ನಲ್ಲಿ ‘ತೊಗಟೆ’ ಎಲ್ಲಿದೆ?

ಎಲ್ರಿಗೂ ನಮಸ್ಕಾರ. ಕೋಳಿಯ ಅಡ್ರಿನಲ್ ಗ್ರಂಥಿಯ (ಮೂತ್ರಪಿಂಡದ ಹತ್ರ ಇರೋ, ಹಾರ್ಮೋನ್ ಮಾಡೋ ಗ್ರಂಥಿ) ಸೂಕ್ಷ್ಮರಚನೆ ಬಗ್ಗೆ ಬರೀತಾ ಒಂದು ಪದದ ಹತ್ರ ಸಿಕ್ಕಾಕೊಂಡಿದೀನಿ. ಕಾರ್ಟೆಕ್ಸ್‌ಗೆ ತೊಗಟೆ, ಮೆಡುಲ್ಲಾಗೆ ತಿರುಳು ಅಂತ ಹಾಕ್ಕೊಂಡು ಹೋಗ್ತಿದ್ದೆ (ಮಜ್ಜೆ ಅಂದ್ರೆ ಮೂಳೆ ಒಳಗಿಂದೇ ನೆನಪಾಗತ್ತೆ, ಅದಕ್ಕೆ ಬಿಟ್ಟೆ). ಮನುಷ್ಯರದ್ದಾದ್ರೆ ಸರಿ, ಹೊರಗಡೆ ಸ್ಟಿರಾಯ್ಡ್ ಮಾಡೋ ತೊಗಟೆ, ಒಳಗಡೆ ಅಡ್ರಿನಲಿನ್ ಮಾಡೋ ತಿರುಳು. ಆದ್ರೆ ಹಕ್ಕೀಲಿ ಹಾಗಿಲ್ವಲ್ಲ, ಸ್ಟಿರಾಯ್ಡ್ ಮಾಡೋ ಕೋಶಗಳೂ ಅಡ್ರಿನಲಿನ್ ಮಾಡೋ ಕೋಶಗಳೂ ಇಡೀ ಗ್ರಂಥಿ ತುಂಬ ಒಂದರ ಸಂದೀಲಿ ಒಂದು ಸೇರ್ಕೊಂಡಿರ್ತವೆ, ಸುಲಿಯೋಕೆ ಸಿಪ್ಪೆನೂ ಇಲ್ಲ ನಡುವೆ ತಿರುಳೂ ಇಲ್ಲ, ಅಂಥದ್ರಲ್ಲಿ ತೊಗಟೆ ಅಂತ ಬರೆದ್ರೆ ಓದೋರು ಅಂಚಲ್ಲಿ ಹುಡುಕ್ತಾರೆ.

ಇಂಗ್ಲಿಷಲ್ಲಿ ಈ ಸ್ಟಿರಾಯ್ಡ್ ಮಾಡೋ ಅಂಗಾಂಶಕ್ಕೇ ಇಂಟರ್‌ರೀನಲ್ ಅಂತಾರೆ, ಅಂದ್ರೆ ಮೂತ್ರಪಿಂಡಗಳ ನಡುವಿನದು. ಶಾರ್ಕ್ ಜಾತಿಯ ಮೀನಲ್ಲಿ ಆ ಅಂಗಾಂಶ ನಿಜಕ್ಕೂ ಎರಡು ಮೂತ್ರಪಿಂಡದ ನಡುವೆ ಬೇರೆಯಾಗೇ ಇರತ್ತೆ, ಅಲ್ಲಿಂದ ಬಂದ ಹೆಸರು. ಹಕ್ಕೀಲಿ ಗ್ರಂಥಿ ಇರೋದು ಮೂತ್ರಪಿಂಡದ ಮುಂತುದೀಲಿ, ಹಾಗಾಗಿ ಅಡ್ರಿನಲ್‌ಗೆ ಬಳಸೋ ‘ಅಧಿವೃಕ್ಕ’ (ಮೂತ್ರಪಿಂಡದ ಮೇಲಿನದು) ಅನ್ನೋ ಪದದ ‘ಅಧಿ’ನೂ ನನಗೆ ಅಷ್ಟಕ್ಕಷ್ಟೇ. ಅಡ್ರಿನಲ್ ಅಂತಲೇ ಇಟ್ಕೊಂಡೆ.

ಸ್ಲೈಡ್‌ನಲ್ಲಿ ಕಾಣೋದು ಹೇಳ್ತೀನಿ. ಸ್ಟಿರಾಯ್ಡ್ ಕೋಶಗಳು ಉದ್ದುದ್ದ ಕಂಬದ ಥರ, ಎರಡು ಸಾಲಾಗಿ ಜೋಡಿಸಿಕೊಂಡು ಹೋಗಿ ಕವಚದ ಹತ್ರ ಬಾಗಿ ತಿರುಗ್ತವೆ, ಒಳಗಿದ್ದ ಕೊಬ್ಬಿನ ಹನಿ ಸ್ಲೈಡ್ ಮಾಡೋವಾಗ ಕರಗಿಹೋಗಿ ನೊರೆನೊರೆಯಾಗಿ ಕಾಣತ್ತೆ. ಸಂದೀಲಿ ಗುಂಪುಗುಂಪಾಗಿ ಕ್ರೋಮಾಫಿನ್ ಕೋಶಗಳು, ಅಂದ್ರೆ ಅಡ್ರಿನಲಿನ್ ಮಾಡೋವು, ಪಕ್ಕದಲ್ಲೇ ಸಣ್ಣ ರಕ್ತನಾಳ. ಪೊಟ್ಯಾಸಿಯಂ ಡೈಕ್ರೋಮೇಟ್ ಹಾಕಿದ್ರೆ ಈ ಗುಂಪುಗಳು ಕಂದು ಬಣ್ಣಕ್ಕೆ ತಿರುಗ್ತವೆ, ಕ್ರೋಮಿಯಂ ಕಂಡ್ರೆ ಒಲವು ಅನ್ನೋದೇ ಆ ಹೆಸರಿನ ಅರ್ಥ. ‘ಕ್ರೋಮೊಲವಿನ ಕೋಶ’ ಅಂತ ಮಾಡಿ ನೋಡ್ದೆ, ನನಗೇ ನಗು ಬಂತು.

ಆ ಎರಡು ಸಾಲಿನದಕ್ಕೆ ಮೊದಲು ‘ಹುರಿ’ ಅಂದಿದ್ದೆ, ಆದ್ರೆ ಬೆನ್ನುಹುರಿ ಇರೋದ್ರಿಂದ ನರಕ್ಕೆ ಸಂಬಂಧ ಅನ್ನಿಸಿಬಿಡತ್ತೆ, ತಮಾಷೆ ಅಂದ್ರೆ ನರದ ಮೂಲದಿಂದ ಬಂದಿರೋದು ಪಕ್ಕದ ಕ್ರೋಮಾಫಿನ್ ಕೋಶಗಳು! ಈಗ ‘ಎರಡೆಳೆ ಸರ’ ಅಂತ ಬರೆದಿದೀನಿ, ಕಣ್ಣಿಗೆ ಕಾಣೋದಂತೂ ಹಾಗೇ.

ಉಳಿದಿರೋದು ತೊಗಟೆ ಬದಲು ಏನು ಅನ್ನೋದು. ‘ಸ್ಟಿರಾಯ್ಡ್ ಕೋಶ’ ಅಂದ್ರೆ ಕೆಲಸದಿಂದ ಗುರುತು ಸಿಗತ್ತೆ, ಹಕ್ಕೀಲಿ ಅದು ಮುಖ್ಯವಾಗಿ ಮಾಡೋದು ಕಾರ್ಟಿಕೋಸ್ಟೀರಾನ್ ಅನ್ನೋ ಹಾರ್ಮೋನ್, ನಮ್ಮ ಹಾಗೆ ಕಾರ್ಟಿಸಾಲ್ ಅಲ್ಲ. ಆದ್ರೆ ವೃಷಣ, ಅಂಡಾಶಯದಲ್ಲೂ ಸ್ಟಿರಾಯ್ಡ್ ಮಾಡೋ ಕೋಶ ಇದಾವೆ, ಅವೂ ಅಲ್ಲೇ ಪಕ್ಕದಲ್ಲಿ. ‘ಸರಕೋಶ’ ಅಂದ್ರೆ ಹೇಗೆ? ಕಿವಿಗೆ ಒಗ್ಗತ್ತಾ, ಅಥವಾ ಇಂಟರ್‌ರೀನಲ್ ಅಂತಲೇ ಬಿಡ್ಲಾ?