ಅಪ್‌ಡೇಟ್: ಮಗನ ಬಿಡದ ಕೆಮ್ಮಿಗೆ ಕೊನೆಗೂ ಕಾರಣ ಸಿಕ್ಕಿತು

ಎರಡೂವರೆ ವರ್ಷದ ಮಗನಿಗೆ ಆರು ವಾರಗಳಿಂದ ಕೆಮ್ಮು, ಉಬ್ಬಸ ಬಿಡುತ್ತಿಲ್ಲವೆಂದು ಹದಿನೈದು ದಿನಗಳ ಹಿಂದೆ ಇಲ್ಲಿ ಕೇಳಿದ್ದೆ. ಹಲವರು ಸೂಚಿಸಿದ ಹಬೆಯಿಂದಾಗಲಿ, ನೆಬ್ಯುಲೈಸರ್‌ನಿಂದಾಗಲಿ ಪ್ರಯೋಜನವಾಗಲಿಲ್ಲ. ಕೆಮ್ಮು ಶುರುವಾದ ದಿನ ಮಗು ಏನು ತಿಂದಿತ್ತೆಂದು ನೆನಪಿಸಿಕೊಂಡು, ತಡಮಾಡದೆ ಮಕ್ಕಳ ಶ್ವಾಸಕೋಶ ತಜ್ಞರಿಗೆ ತೋರಿಸಿ ಎಂದ ಒಬ್ಬರ ಸಲಹೆಯೇ ನಮ್ಮ ಕೈಹಿಡಿಯಿತು. ಅವರಿಗೆ ನಾವು ಋಣಿಗಳು.

ಅಂದು ಅವನು ಹುರಿದ ಕಡಲೆಕಾಯಿ ತಿನ್ನುತ್ತಾ ಓಡಾಡುವಾಗ ಒಮ್ಮೆ ಜೋರಾಗಿ ಕೆಮ್ಮಿ ಸುಮ್ಮನಾಗಿದ್ದನ್ನು ನಾವು ಮರೆತೇಬಿಟ್ಟಿದ್ದೆವು. ಎದೆಯ ಬಲಭಾಗದಲ್ಲಿ ಉಸಿರಿನ ಶಬ್ದ ಕಡಿಮೆಯಿರುವುದನ್ನು ಗಮನಿಸಿದ ತಜ್ಞರು, ಅರಿವಳಿಕೆ ಕೊಟ್ಟು ಬ್ರಾಂಕೋಸ್ಕೋಪಿ (ಕ್ಯಾಮೆರಾ ಇರುವ ಕೊಳವೆಯನ್ನು ಶ್ವಾಸನಾಳಕ್ಕೆ ಇಳಿಸಿ ನೋಡುವ ವಿಧಾನ) ಮಾಡಿಸಿ, ಬಲ ಶ್ವಾಸನಾಳದಲ್ಲಿ ಸಿಕ್ಕಿಕೊಂಡಿದ್ದ ಬೀಜದ ಚೂರನ್ನು ತೆಗೆಸಿದರು. ನಮಗೆ ಅಚ್ಚರಿಯಾದದ್ದೆಂದರೆ, ಮೊದಲು ತೆಗೆಸಿದ್ದ ಎಕ್ಸ್‌ರೇಯಲ್ಲಿ ಏನೂ ಕಂಡಿರಲಿಲ್ಲ. ಕಡಲೆಕಾಯಿಯಂಥ ವಸ್ತು ಎಕ್ಸ್‌ರೇಯಲ್ಲಿ ಸಾಮಾನ್ಯವಾಗಿ ಮೂಡುವುದಿಲ್ಲವೆಂದೂ, ಬಲ ಶ್ವಾಸನಾಳವು ಎಡಕ್ಕಿಂತ ಅಗಲವಾಗಿ, ನೇರವಾಗಿರುವುದರಿಂದ ಇಂಥವು ಹೆಚ್ಚಾಗಿ ಅಲ್ಲಿಗೇ ಜಾರುತ್ತವೆಂದೂ ಅವರು ವಿವರಿಸಿದರು. ಎಕ್ಸ್‌ರೇ ಚೆನ್ನಾಗಿದೆಯೆಂದು ಆರು ವಾರ ನೆಮ್ಮದಿಯಿಂದಿದ್ದದ್ದು ಈಗಲೂ ನನ್ನನ್ನು ಕಾಡುತ್ತದೆ.

ಮೂರನೆಯ ದಿನ ಮನೆಗೆ ಬಂದೆವು. ಉಬ್ಬಸ ಪೂರ್ತಿ ನಿಂತಿದೆ, ಮಗು ರಾತ್ರಿಯಿಡೀ ನಿದ್ದೆ ಮಾಡುತ್ತಿದೆ. ಐದು ವರ್ಷ ತುಂಬುವವರೆಗೆ ಇಡೀ ಕಡಲೆಕಾಯಿ, ಬಾದಾಮಿ ಕೊಡಬಾರದೆಂದು ವೈದ್ಯರು ಹೇಳಿದ್ದಾರೆ.